ಪದ ಪರಿಚಯ: ತಳಿ ವೈವಿಧ್ಯ

ಬೆಂಗಳೂರಿನ ಒಂದು ಆಹಾರ ಮೇಳದಲ್ಲಿ ಕಳೆದ ತಿಂಗಳು ಕಂಡ ಫಲಕವೇ ಈ ಟಿಪ್ಪಣಿಗೆ ಕಾರಣ. ‘ಭತ್ತದ ತಳಿ ವೈವಿಧ್ಯತೆ’ ಎಂದು ದಪ್ಪಕ್ಷರಗಳಲ್ಲಿ ಬರೆದು, ಅದರ ಕೆಳಗೆ ಒಂಬತ್ತು ಹಿತ್ತಾಳೆ ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದರು. ಮೊದಲನೆಯದರಲ್ಲಿ ಸೋನಾ ಮಸೂರಿ ರಾ ರೈಸ್, ಎರಡನೆಯದರಲ್ಲಿ ಸೋನಾ ಮಸೂರಿ ಸ್ಟೀಮ್, ಮೂರನೆಯದರಲ್ಲಿ ಅದರದೇ ಕುಸುಬಲಕ್ಕಿ, ನಾಲ್ಕನೆಯದರಲ್ಲಿ ಅದರದೇ ಎರಡು ವರ್ಷದ ಹಳೆ ಅಕ್ಕಿ, ಐದನೆಯದರಲ್ಲಿ ಅವಲಕ್ಕಿ. ಆಮೇಲಷ್ಟೇ ರಾಜಮುಡಿ, ಗಂಧಸಾಲೆ, ಕಗ್ಗ ಮತ್ತು ಬಾಸ್ಮತಿ. ಅಕ್ಕಿ ಚೀಲಗಳ ಮೇಲೂ ಪತ್ರಿಕೆಗಳ ಪುರವಣಿಗಳಲ್ಲೂ ಈ ಪದದ ಇಂಥ ಬಳಕೆಯನ್ನು ಓದಿ ಸುಮ್ಮನಿದ್ದವನಿಗೆ, ಅವಲಕ್ಕಿಯೂ ಒಂದು ತಳಿಯಾದದ್ದನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊದಲು ಪದದ ರೂಪವನ್ನೇ ನೋಡೋಣ. ‘ವಿವಿಧ’ ಎಂಬುದು ಗುಣವಾಚಕ. ಅದಕ್ಕೆ ಸಂಸ್ಕೃತದ ಭಾವಾರ್ಥ ಪ್ರತ್ಯಯ ಸೇರಿ, ಮೊದಲ ಸ್ವರ ವೃದ್ಧಿಯಾಗಿ, ಅಂದರೆ ‘ವಿ’ ಹೋಗಿ ‘ವೈ’ ಆಗಿ, ‘ವೈವಿಧ್ಯ’ ಎಂಬ ಭಾವನಾಮ ಸಿದ್ಧವಾಗುತ್ತದೆ. ಸುಂದರದಿಂದ ಸೌಂದರ್ಯ, ಸುಜನದಿಂದ ಸೌಜನ್ಯ, ಪ್ರಮುಖದಿಂದ ಪ್ರಾಮುಖ್ಯ ಬಂದದ್ದು ಹೀಗೆಯೇ. ‘ವಿವಿಧವಾಗಿರುವಿಕೆ’ ಎಂಬ ಅರ್ಥ ‘ವೈವಿಧ್ಯ’ದಲ್ಲಿ ಆಗಲೇ ತುಂಬಿಕೊಂಡಿರುವಾಗ ಅದಕ್ಕೆ ಇನ್ನೊಂದು ‘ತೆ’ ಹಚ್ಚುವುದೆಂದರೆ ಅಂಗಿಯ ಮೇಲೆ ಅದೇ ಅಂಗಿಯನ್ನು ತೊಟ್ಟಂತೆ. ‘ತೆ’ ಬೇಕೇಬೇಕು ಎನ್ನುವವರಿಗೂ ದಾರಿಯಿದೆ: ಗುಣವಾಚಕಕ್ಕೆ ನೇರವಾಗಿ ಹಚ್ಚಿ ‘ವಿವಿಧತೆ’ ಎನ್ನಬಹುದು. ಏಕದಿಂದ ಏಕತೆಯೂ ಆಗುತ್ತದೆ, ಐಕ್ಯವೂ ಆಗುತ್ತದೆ. ಐಕ್ಯತೆ ಮಾತ್ರ ಆಗುವುದಿಲ್ಲ. ಶಾಲೆಯ ಗೋಡೆಗಳ ಮೇಲೆ ‘ವಿವಿಧತೆಯಲ್ಲಿ ಏಕತೆ’ ಎಂದು ಬರೆಸಿದವರು ಎರಡು ಪದಗಳನ್ನೂ ಸರಿಯಾಗಿಯೇ ಬರೆಸಿದ್ದರು. ಅದನ್ನು ಅಳಿಸಿ ‘ವೈವಿಧ್ಯತೆಯಲ್ಲಿ ಐಕ್ಯತೆ’ ಎಂದು ತಿದ್ದಿದವರು ಎರಡನ್ನೂ ಕೆಡಿಸಿದರು. ಬಳಕೆಯಲ್ಲಿ ನೆಲೆಯೂರಿದ್ದನ್ನು ಒಪ್ಪಿಕೊಳ್ಳಬೇಕು ಎಂಬ ವಾದ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಚಿಕ್ಕದಾದ, ಚೊಕ್ಕವಾದ ಪದ ಕೈಯಲ್ಲಿರುವಾಗ ಉದ್ದನೆಯ ತಪ್ಪನ್ನು ಒಪ್ಪಿಕೊಳ್ಳಲು ಕಾರಣ ಕಾಣುವುದಿಲ್ಲ.

‘ತಳಿ’ಯ ಬಗ್ಗೆ ಅಷ್ಟು ಜಗಳವಿಲ್ಲ.

ಅರ್ಥದ ಗೊಂದಲ ಇದಕ್ಕಿಂತ ದೊಡ್ಡದು. ತಳಿ ವೈವಿಧ್ಯ ಎಂದರೆ ಬೀಜದೊಳಗಿನ ವ್ಯತ್ಯಾಸ, ಅಂದರೆ ತಾಯಿಗಿಡದಿಂದ ಮರಿಗಿಡಕ್ಕೆ ದಾಟುವ ವ್ಯತ್ಯಾಸ. ಭತ್ತದ 12 ಜೊತೆ ವರ್ಣತಂತುಗಳಲ್ಲಿ, ಜೊತೆಗೊಂದರಂತೆ ಎಣಿಸಿದರೆ, ಸುಮಾರು 39 ಕೋಟಿ ಡಿಎನ್‌ಎ ಅಕ್ಷರಗಳಿವೆ. ಒಂದು ಭತ್ತಕ್ಕೂ ಇನ್ನೊಂದಕ್ಕೂ ಆ ಬರಹದಲ್ಲಿ ಅಲ್ಲಲ್ಲಿ ಕಾಣುವ ಪಾಠಭೇದವೇ ತಳಿ ವೈವಿಧ್ಯ. 2018ರಲ್ಲಿ ಪ್ರಕಟವಾದ 3,010 ಭತ್ತಗಳ ಅಧ್ಯಯನದಲ್ಲಿ ಒಂದೊಂದು ಅಕ್ಷರ ಬದಲಾಗಿರುವ ತಾಣಗಳೇ ಸುಮಾರು 2.9 ಕೋಟಿ ಸಿಕ್ಕಿದವು. ಗುರುತಿಸುವ ಉಪಾಯ ಸರಳವಾದದ್ದು: ಬಿತ್ತಿದರೆ ಆ ಗುಣ ಮತ್ತೆ ಬರುತ್ತದೆಯೇ ಎಂದು ಕೇಳಬೇಕು. ರಾ ರೈಸಿನ ಭತ್ತವನ್ನು ಬಿತ್ತಿದರೂ ಸ್ಟೀಮ್ ಅಕ್ಕಿಯ ಭತ್ತವನ್ನು ಬಿತ್ತಿದರೂ ಬರುವುದು ಒಂದೇ ಪೈರು. ವ್ಯತ್ಯಾಸ ಹುಟ್ಟಿದ್ದು ಗಿರಣಿಯ ಹಬೆಯಲ್ಲಿ, ಗದ್ದೆಯಲ್ಲಲ್ಲ. ಹಳೆ ಅಕ್ಕಿಯ ಅನ್ನ ಉದುರುದುರಾಗುವುದು ಉಗ್ರಾಣದ ಕೊಡುಗೆ. ಯೂರಿಯಾ ಹೆಚ್ಚಾಗಿ ಎತ್ತರ ಬೆಳೆದ ಪೈರಿನ ಎತ್ತರವೂ ಮಣ್ಣಿನ ಲೆಕ್ಕಕ್ಕೆ ಸೇರಬೇಕೇ ಹೊರತು ತಳಿಯ ಲೆಕ್ಕಕ್ಕಲ್ಲ.

ಆರನೆಯ ಬಟ್ಟಲಿನ ರಾಜಮುಡಿಯನ್ನು ಅಂಗೈಗೆ ಹಾಕಿಕೊಂಡು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಕಾಳಿನ ಹೊರಪದರ ಮಾತ್ರ ಕೆಂಪು. ಉಗುರಿನಿಂದ ಮುರಿದರೆ ಒಳಗೆಲ್ಲ ಬಿಳುಪು. ಗಿರಣಿಯವನು ಚೆನ್ನಾಗಿ ಪಾಲಿಶ್ ಮಾಡಿದರೆ ಕೆಂಪು ಗೆರೆಗಳಷ್ಟೇ ಉಳಿಯುತ್ತವೆ, ಆದರೆ ರೈತನ ಮನೆಯಲ್ಲಿ ಬಿತ್ತನೆಗೆ ಇಟ್ಟ ಭತ್ತ ಮುಂದಿನ ವರ್ಷವೂ ಕೆಂಪಕ್ಕಿಯನ್ನೇ ಕೊಡುತ್ತದೆ. ಕಾಡುಭತ್ತದ ಅಕ್ಕಿ ಮೂಲತಃ ಕೆಂಪು. ಆ ಬಣ್ಣಕ್ಕೆ ಬೇಕಾದ ‘ಆರ್‌ಸಿ’ ಎಂಬ ಜೀನಿನಲ್ಲಿ (ಗುಣವನ್ನು ನಿರ್ಧರಿಸುವ ಡಿಎನ್‌ಎ ತುಂಡಿನಲ್ಲಿ) 14 ಅಕ್ಷರಗಳು ಬಿಟ್ಟುಹೋದದ್ದರಿಂದಲೇ ನಾವಿಂದು ಉಣ್ಣುವ ಬಹುಪಾಲು ಬಿಳಿ ಅಕ್ಕಿಗಳು ಬಿಳಿಯಾದವು. ಬಾಸ್ಮತಿಯ ಪರಿಮಳದ ಕಥೆಯೂ ಇಂಥದ್ದೇ: ಇನ್ನೊಂದು ಜೀನಿನಲ್ಲಿ 8 ಅಕ್ಷರಗಳು ಕಳೆದುಹೋಗಿ, ಅದು ಕೆಲಸ ನಿಲ್ಲಿಸಿದ್ದರಿಂದ ಪರಿಮಳದ ವಸ್ತು ಕಾಳಿನಲ್ಲಿ ಶೇಖರವಾಗುತ್ತದೆ. ‘ಶುದ್ಧ ತಳಿ’ ಎಂದರೆ ಏನೂ ಕೆಡದೆ ಉಳಿದ ತಳಿ ಎಂದು ನಂಬಿದವರಿಗೆ ಈ ಎರಡು ಉದಾಹರಣೆಗಳು ರುಚಿಸಲಾರವು.

ಹೆಸರುಗಳ ಸಂಖ್ಯೆಯನ್ನೇ ವೈವಿಧ್ಯವೆಂದು ಎಣಿಸುವುದು ಮತ್ತೊಂದು ಚಾಳಿ. ಫಿಲಿಪೀನ್ಸಿನಿಂದ 1966ರಲ್ಲಿ ಬಂದ ಐಆರ್-8 ಮತ್ತು 1968ರಲ್ಲಿ ನಮ್ಮ ದೇಶದಲ್ಲೇ ಬಿಡುಗಡೆಯಾದ ಜಯ, ಎರಡೂ ಗಿಡ್ಡ ಕಾಂಡದ ಭತ್ತಗಳು. ಗೊಬ್ಬರ ತಿಂದರೂ ನೆಲಕ್ಕೆ ಒರಗುವುದಿಲ್ಲ. ಆ ಗಿಡ್ಡತನ ಎರಡಕ್ಕೂ ಬಂದದ್ದು ತೈವಾನಿನ ಒಂದೇ ಹಳೆಯ ಭತ್ತದಿಂದ. ಅದರ ‘ಎಸ್‌ಡಿ-1’ ಜೀನಿನಲ್ಲಿ 383 ಅಕ್ಷರಗಳ ಒಂದು ತುಂಡೇ ಇಲ್ಲ. ಹಸಿರು ಕ್ರಾಂತಿಯ ನಂತರದ ಎಷ್ಟೋ ತಳಿಗಳಿಗೆ ಇದೇ ತುಂಡು ಕಳೆದುಕೊಂಡ ಜೀನು ಹಂಚಿಹೋಗಿದೆ. ಹೆಸರು ಐವತ್ತಿದ್ದರೂ ಆ ಒಂದು ತಾಣದಲ್ಲಿ ವೈವಿಧ್ಯ ಸೊನ್ನೆ. ಬೆಂಗಳೂರಿನ ಅಂಗಡಿಗಳಲ್ಲಿ ಇದರ ತಿರುವುಮುರುವೂ ನಡೆಯುತ್ತದೆ: ಸಣ್ಣ ಕಾಳಿನ ಬೇರೆ ಬೇರೆ ತಳಿಗಳೆಲ್ಲ ‘ಸೋನಾ ಮಸೂರಿ’ ಎಂಬ ಒಂದೇ ಹೆಸರಿನ ಚೀಲ ಹೊಕ್ಕು ಕೂರುತ್ತವೆ.

ತಳಿ ಅಭಿವೃದ್ಧಿ ಮಾಡುವವರು ಈ ಪದವನ್ನು ಎಚ್ಚರದಿಂದ ಬಳಸುವುದಕ್ಕೆ ಕಾರಣವಿದೆ. ಬೀಜದಲ್ಲಿ ವ್ಯತ್ಯಾಸವಿಲ್ಲದ ಕಡೆ ಅವರಿಗೆ ಆರಿಸಿಕೊಳ್ಳಲು ಏನೂ ಇರುವುದಿಲ್ಲ. ಏಷ್ಯಾದ ಭತ್ತಕ್ಕೆ ಗ್ರಾಸಿ ಸ್ಟಂಟ್ ಎಂಬ ವೈರಸ್ ರೋಗ ತಗುಲಿದಾಗ, ಅದನ್ನು ತಡೆಯುವ ಗುಣಕ್ಕಾಗಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ಗುಣ ಸಿಕ್ಕಿದ್ದು ಉತ್ತರ ಪ್ರದೇಶದ ಒಂದು ಕಾಡುಭತ್ತದಲ್ಲಿ. ಅದು 1976ರ ಐಆರ್-36ಕ್ಕೆ ಬಂತು. ನೆರೆನೀರಿನಲ್ಲಿ ಎರಡು ವಾರ ಮುಳುಗಿದರೂ ಬದುಕುವ ಸ್ವರ್ಣ ಸಬ್-1 ತಳಿಗೆ ಆ ಶಕ್ತಿ ಕೊಟ್ಟದ್ದು ಒಡಿಶಾದ ಒಂದು ಹಳೆಯ ಭತ್ತ. ಕುಮಟಾದ ಅಘನಾಶಿನಿ ನದಿ ತೀರದ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗಕ್ಕೂ ಇದೇ ಕಾರಣಕ್ಕೆ ಬೆಲೆಯಿದೆ. ಆ ಮೇಳದಲ್ಲಿ ಅದನ್ನು ಎಂಟನೆಯ ಬಟ್ಟಲಿನಲ್ಲಿ, ಅವಲಕ್ಕಿಗಿಂತ ಹಿಂದೆ ಇಟ್ಟಿದ್ದರು.

ಅವಲಕ್ಕಿಯನ್ನು ಯಾವ ಭತ್ತದಿಂದ ಮಾಡಿದ್ದು ಎಂದು ಮಳಿಗೆಯಲ್ಲಿದ್ದವರನ್ನು ಕೇಳಿದೆ. ತಳಿಯ ಬಗ್ಗೆ ಆ ಬಟ್ಟಲಿಗೆ ಕೇಳಬಹುದಾದದ್ದು ಅದೊಂದೇ ಪ್ರಶ್ನೆ. ಅವರು ಚೀಟಿಯನ್ನು ತಿರುಗಿಸಿ ನೋಡಿ, ‘ಮೀಡಿಯಂ ಅವಲಕ್ಕಿ ಸರ್’ ಎಂದರು.