ಬ್ರಾಕೆಟ್‌ಗೆ ಹೆದರಬೇಡಿ, ಲೇಔಟನ್ನೇ ಪ್ರಶ್ನೆ ಕೇಳಿ

ಬೆಳಗಾವಿ, ಬಾಗಲಕೋಟೆ ಕಡೆಯ ಇಸಿ (ಎಲೆಕ್ಟ್ರಾನಿಕ್ಸ್) ವಿದ್ಯಾರ್ಥಿಗಳು ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ಲ್ಯಾಬ್‌ನಲ್ಲಿ ಇನ್ವರ್ಟರ್, ಅಂದರೆ 0 ಅನ್ನು 1, 1 ಅನ್ನು 0 ಮಾಡುವ ಸರ್ಕ್ಯೂಟ್, ಬಿಡಿಸಿಯೇ ಇರುತ್ತಾರೆ. ಎರಡೇ ಟ್ರಾನ್ಸಿಸ್ಟರ್, ಮೌಸ್‌ನಲ್ಲೇ ಕೆಲಸ ಮುಗಿಯುತ್ತೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಕೈಗೆ ಬರುವ ಲೇಔಟ್‌ನಲ್ಲಿ (ಚಿಪ್‌ನ ಪದರಗಳ ನಕ್ಷೆಯಲ್ಲಿ) ಸಾವಿರಾರು ಆಯತಗಳಿರುತ್ತವೆ, ಒಂದು ಲೋಹದ ಪದರದ ಅಗಲ ಬದಲಾಯಿಸಬೇಕು ಅಂದರೆ ಅಷ್ಟನ್ನೂ ಒಂದೊಂದಾಗಿ ಕ್ಲಿಕ್ ಮಾಡುತ್ತಾ ಕೂರೋದು ಯಾರಿಂದಲೂ ಆಗಲ್ಲ. ಅಲ್ಲಿ ಬೇಕಾಗುವುದು ಸ್ಕಿಲ್.

ಕೇಡೆನ್ಸ್ ಕಂಪನಿಯ ವರ್ಚುಸೋ ಎಂಬ ಚಿಪ್ ವಿನ್ಯಾಸದ ಸಾಫ್ಟ್‌ವೇರ್‌ನ ಒಳಗೇ ಇರುವ ಸ್ಕ್ರಿಪ್ಟಿಂಗ್ ಭಾಷೆ ಇದು. ಇದರ ಬೇರು ಲಿಸ್ಪ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲಿಸ್ಪ್ ಕೆಲಸ ಶುರು ಮಾಡಿದರು. ಮುಂದೆ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅದರದೇ ಒಂದು ರೂಪ ಫ್ರಾಂಜ್ ಲಿಸ್ಪ್ ಬಂತು, ಅದರಿಂದ ಸ್ಕಿಲ್ ಬೆಳೆಯಿತು. ಇಷ್ಟು ಹಳೆಯ ಭಾಷೆ ಚಿಪ್ ವಿನ್ಯಾಸಕ್ಕೆ ಯಾಕೆ ಅಂತ ಕೇಳಬಹುದು.

ಲಿಸ್ಪ್‌ನಲ್ಲಿ ಹೆಚ್ಚಿನದೆಲ್ಲ ಪಟ್ಟಿಯೇ. ಲೇಔಟ್ ಕೂಡ ಹಾಗೇ ಅಲ್ವಾ? ಒಂದು ಬಿಂದು ಅಂದರೆ ಎರಡು ಸಂಖ್ಯೆಗಳ ಪಟ್ಟಿ. ಒಂದು ಆಯತ ಅಂದರೆ ಎರಡು ಬಿಂದುಗಳ ಪಟ್ಟಿ, ಕೆಳಗಿನ ಎಡ ಮೂಲೆ ಮತ್ತು ಮೇಲಿನ ಬಲ ಮೂಲೆ: ((0.0 0.0) (2.0 0.5)). ಇದಕ್ಕೆ 'ಕಾರ್' (car) ಎಂಬ ಫಂಕ್ಷನ್ ಹಾಕಿದರೆ ಮೊದಲ ಮೂಲೆ ಸಿಗುತ್ತೆ, 'ಕುಡರ್' (cdr) ಹಾಕಿದರೆ ಉಳಿದದ್ದು. ಇನ್ನು ~> ಎಂಬ ಗುರುತು ಇದೆ, ನನಗೆ ಸ್ಕಿಲ್‌ನಲ್ಲಿ ತುಂಬಾ ಇಷ್ಟವಾದದ್ದು ಇದೇ. ಒಂದು ಆಕಾರದ ಮುಂದೆ ಇದನ್ನು ಬರೆದರೆ ಅದರ ಪದರ, ಅಳತೆ, ಜಾಗ ಯಾವುದನ್ನು ಬೇಕಾದರೂ ಕೇಳಬಹುದು. ಆಕಾರಗಳ ಪಟ್ಟಿಯ ಮುಂದೆಯೇ ಬರೆದರೆ, ಲೂಪ್ ಏನೂ ಬರೆಯದೆ, ಎಲ್ಲದರ ಉತ್ತರವೂ ಒಂದೇ ಪಟ್ಟಿಯಾಗಿ ಬಂದುಬಿಡುತ್ತೆ.

ಬ್ರಾಕೆಟ್ ನೋಡಿ ಗಾಬರಿಯಾಗುವವರು ಜಾಸ್ತಿ. ಸ್ಕಿಲ್‌ನಲ್ಲಿ ಆ ತೊಂದರೆ ಕಡಿಮೆ, ಲಿಸ್ಪ್‌ನ (+ 2 3) ಬದಲು ಸಿ ಭಾಷೆಯ ಹಾಗೆ 2 + 3 ಅಂತಲೇ ಬರೆಯಬಹುದು. ಒಂದು ಎಚ್ಚರ ಮಾತ್ರ ಬೇಕು: ಹಾಗೆ ಬರೆಯುವಾಗ ಫಂಕ್ಷನ್ ಹೆಸರಿಗೂ ಬ್ರಾಕೆಟ್‌ಗೂ ನಡುವೆ ಖಾಲಿ ಜಾಗ ಬಿಡಬಾರದು.

ಕಲಿಯೋದು ಹೇಗೆ? ನೂರಾರು ಪುಟದ ಮ್ಯಾನುಯಲ್ ಹಿಡಿದು ಕೂತರೆ ಬೇಗ ಬೇಜಾರಾಗುತ್ತೆ. ವರ್ಚುಸೋದ ಮೆನುಗಳ ಹಿಂದೆ ಕೆಲಸ ಮಾಡುವುದೂ ಸ್ಕಿಲ್ಲೇ. ಲಾಗ್ ಫಿಲ್ಟರ್ (ಕಮಾಂಡ್ ವಿಂಡೋದಲ್ಲಿ ಏನೇನು ಕಾಣಬೇಕು ಅನ್ನೋ ಸೆಟ್ಟಿಂಗ್) ತೆರೆದಿಟ್ಟು ಮೆನುವಿನಿಂದ ಏನಾದರೂ ಮಾಡಿ, ಯಾವ ಕಮಾಂಡ್ ಓಡಿತು ಅನ್ನೋದು ಕಮಾಂಡ್ ವಿಂಡೋದಲ್ಲೇ ಕಾಣುತ್ತೆ. ಅದನ್ನು ಅಲ್ಲೇ ಮತ್ತೆ ಟೈಪ್ ಮಾಡಿ ನೋಡಿ. ಮೊದಮೊದಲು ಬರೀ ಓದುವ ಸ್ಕ್ರಿಪ್ಟ್ ಬರೆಯಿರಿ, ಯಾವುದನ್ನೂ ಬದಲಿಸಬೇಡಿ. ಆಮೇಲೆ ಸೆಲ್‌ನ (ಲೇಔಟ್‌ನ ಒಂದು ಘಟಕದ) ಒಂದು ಪ್ರತಿ ಮಾಡಿಕೊಂಡು ಅದರ ಮೇಲೆ ಬದಲಾವಣೆ ಪ್ರಯತ್ನಿಸಿ, ಯಾಕಂದ್ರೆ ಸ್ಕ್ರಿಪ್ಟ್ ಸರಿಯಾಗಿ ಮಾಡುವಷ್ಟೇ ವೇಗದಲ್ಲಿ ತಪ್ಪನ್ನೂ ಮಾಡುತ್ತೆ.

ದಶಮಾಂಶದ ಮೇಲೂ ಕಣ್ಣಿರಲಿ. ಕಂಪ್ಯೂಟರ್‌ನಲ್ಲಿ 0.1 ಅನ್ನು ಮೂರು ಸಲ ಕೂಡಿಸಿದರೆ ಸರಿಯಾಗಿ 0.3 ಬರಲ್ಲ, ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತೆ. ಲೇಔಟ್‌ನಲ್ಲಿ ಪ್ರತಿ ಮೂಲೆಯೂ ತಯಾರಿಕೆಯ ಗ್ರಿಡ್ (ಸಮ ಅಂತರದ ಚೌಕುಳಿ) ಮೇಲೇ ಕೂರಬೇಕು. ಉದ್ದನೆಯ ಲೂಪ್‌ನಲ್ಲಿ ಹೀಗೆ ಕೂಡಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಮೂಲೆ ಗ್ರಿಡ್ ಬಿಟ್ಟು ಪಕ್ಕಕ್ಕೆ ಬೀಳಬಹುದು, ನಿಯಮ ತಪಾಸಣೆಯಲ್ಲಿ ಎರರ್ ಬರಬಹುದು. ಅದಕ್ಕೇ ಗ್ರಿಡ್ ಹೆಜ್ಜೆಗಳನ್ನು ಪೂರ್ಣ ಸಂಖ್ಯೆಯಲ್ಲಿ ಎಣಿಸಿ, ಕೊನೆಯಲ್ಲಿ ಮಾತ್ರ ಗ್ರಿಡ್ ಅಳತೆಯಿಂದ ಗುಣಿಸಿ.

ವರ್ಚುಸೋ ಲೈಸೆನ್ಸ್ ಲ್ಯಾಬ್‌ನಲ್ಲಿ ಮಾತ್ರ ಇರುತ್ತೆ ನಿಜ. ರಜೆಗೆ ಗೋಕಾಕಕ್ಕೋ ಮುಧೋಳಕ್ಕೋ ಹೋದವರು ಲಿಸ್ಪ್ ಕುಟುಂಬದ ಭಾಷೆಯಾದ ರ್‍ಯಾಕೆಟ್ ಹಾಕಿಕೊಂಡು ಲಿಸ್ಪ್ ಅಭ್ಯಾಸ ಮಾಡಬಹುದು. ಲೇಔಟೇ ಬೇಕು ಅಂದರೆ ಕೆಲೇಔಟ್ ಎಂಬ ಲೇಔಟ್ ಸಾಫ್ಟ್‌ವೇರ್ ಇದೆ, ಅಲ್ಲಿ ಭಾಷೆ ರೂಬಿ ಅಥವಾ ಪೈಥಾನ್. ರ್‍ಯಾಕೆಟ್, ಕೆಲೇಔಟ್ ಎರಡೂ ಉಚಿತ. ಮೊದಲ ಲೆಕ್ಕಕ್ಕೆ ಇದನ್ನೇ ತಗೊಳ್ಳಿ: ಒಂದು ಸೆಲ್‌ನ ಮೊದಲ ಲೋಹದ ಪದರದಲ್ಲಿ ನೀವು ಹೇಳಿದ ಅಗಲಕ್ಕಿಂತ ಸಣಕಲಾದ ಆಯತಗಳು ಎಲ್ಲೆಲ್ಲಿವೆ, ಅವುಗಳ ಮೂಲೆಗಳನ್ನು ಪಟ್ಟಿ ಮಾಡಿಸಿ.