ರಕ್ತ ಕೊಟ್ಟವರನ್ನು ಕೇಳಿದಿರಾ?

ಎಥಿಕ್ಸ್ ಕಮಿಟಿಯಲ್ಲಿ ಕೂತು ಸಂಶೋಧನೆಯ ಅರ್ಜಿಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಮೂಲನಿವಾಸಿ ಸಮುದಾಯದ ಮೇಲಿನ ಅರ್ಜಿ ಬಂದರೆ, ಒಪ್ಪಿಗೆ ಪತ್ರ ಆಮೇಲೆ ನೋಡಿದರಾಯಿತು. ಮೊದಲು ಆ ಸಂಶೋಧನೆಯ ಪ್ರಶ್ನೆ ಎತ್ತಿದವರು ಯಾರು ಅಂತ ನೋಡುತ್ತೇನೆ.

ಯಾಕೆಂದು ತಿಳಿಯಲು ಹವಾಸುಪೈ ಜನರ ಕಥೆ ಸಾಕು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿರುವ ಪುಟ್ಟ ಮೂಲನಿವಾಸಿ ಸಮುದಾಯ ಅದು. ಸಕ್ಕರೆ ಕಾಯಿಲೆ ಅವರಲ್ಲಿ ಬಹಳ ಜಾಸ್ತಿ. ಅದಕ್ಕೆ ಕಾರಣ ಹುಡುಕುತ್ತಾರೆಂದು ನಂಬಿ, 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರಿಗೆ ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ, ರಕ್ತಸಂಬಂಧದ ಮದುವೆ, ಪೂರ್ವಜರು ಬೇರೆಡೆಯಿಂದ ವಲಸೆ ಬಂದ ಬಗೆ ಮುಂತಾದ ಅಧ್ಯಯನಗಳಿಗೂ ಬಳಸಲಾಯಿತು. ತಮ್ಮ ಮೂಲ ಆ ಕಣಿವೆಯೇ ಎಂದು ನಂಬುವ ಜನ ಅವರು! 2003ರಲ್ಲಿ ಅದೇ ಯೂನಿವರ್ಸಿಟಿಯಲ್ಲಿ ಈ ರಕ್ತ ಬಳಸಿ ಮಾಡಿದ ಒಂದು ಪಿಎಚ್‌ಡಿ ಅಧ್ಯಯನದ ಮಂಡನೆ ನಡೆಯುತ್ತಿತ್ತು. ಅಲ್ಲಿದ್ದ ಹವಾಸುಪೈ ಮಹಿಳೆಯೊಬ್ಬರು, ಈ ರಕ್ತ ಬಳಸಲು ಅನುಮತಿ ಇದೆಯೇ ಎಂದು ಕೇಳಿದರು. ವಿಷಯ ಕೋರ್ಟಿಗೆ ಹೋಯಿತು. 2010ರಲ್ಲಿ ರಾಜಿಯಾಗಿ 7 ಲಕ್ಷ ಡಾಲರ್ ಪರಿಹಾರ ಬಂತು. ರಕ್ತದ ಮಾದರಿಗಳೂ ವಾಪಸಾದವು.

ಅವರ ಪೈಕಿ ಒಬ್ಬರು ಆ ಕೋಣೆಯಲ್ಲಿ ಇದ್ದದ್ದಕ್ಕೆ ತಾನೇ ಇದು ಹೊರಬಿದ್ದಿದ್ದು? ಅಂಥವರು ಕೆಲಸದ ಶುರುವಿನಿಂದಲೇ ಜೊತೆಗಿರಬೇಕಿತ್ತು.

ಭಾಷೆಯ ವಿಷಯದಲ್ಲಿ ಹಾಗೆ ಆಗಿದ್ದೂ ಇದೆ. ಅಮೆರಿಕದ ಇನ್ನೊಂದು ಮೂಲನಿವಾಸಿ ಸಮುದಾಯವಾದ ವಾಂಪನೋಗ್ ಜನರ ಭಾಷೆ ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಬಾಯಲ್ಲೂ ಇರಲಿಲ್ಲ. ಆ ಸಮುದಾಯದವರೇ ಆದ ಜೆಸ್ಸಿ ಲಿಟಲ್ ಡೋ ಬೇರ್ಡ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿದರು. ಆ ಭಾಷೆಯಲ್ಲೇ 1663ರಲ್ಲಿ ಅಚ್ಚಾದ ಬೈಬಲ್, ಹಳೆಯ ಜಮೀನಿನ ಪತ್ರಗಳನ್ನು ಇಟ್ಟುಕೊಂಡು ಭಾಷೆಯನ್ನು ಮತ್ತೆ ಕಟ್ಟಿದರು. ಅವರ ಮಗಳು ಅದನ್ನು ಮನೆಯಲ್ಲೇ ಕೇಳುತ್ತಾ ಬೆಳೆದಳು.

ಸಮುದಾಯದ ಒಳಗಿನವರೇ ಸಂಶೋಧಕರಾದರೆ ಎಲ್ಲ ಸುಲಭ ಅಂದುಕೊಳ್ಳಬೇಡಿ. ಉತ್ತರ ಕೊಡುವವರು ಅತ್ತೆಯೋ ಭಾವನೋ ಆಗಿರುತ್ತಾರೆ. ಸಣ್ಣ ಸಮುದಾಯದಲ್ಲಿ ಹೆಸರು ಅಳಿಸಿದರೂ ವಯಸ್ಸು, ಕಸುಬು ನೋಡಿ ಜನ ಇಂಥವರೇ ಎಂದು ಗುರುತು ಹಿಡಿಯುತ್ತಾರೆ. ವರದಿ ನೋವು ತಂದರೆ ಹೊರಗಿನವರು ಊರು ಬಿಟ್ಟು ಹೋಗಬಹುದು. ಇವರು ಮರುದಿನವೂ ಅದೇ ಜನರ ಮುಖ ನೋಡಬೇಕು.

ಆದ್ದರಿಂದ ಹೊಣೆಯೆಲ್ಲ ಒಬ್ಬ ಸಂಶೋಧಕರ ತಲೆಗೆ ಕಟ್ಟಬಾರದು. ಕೆನಡಾದ ಮೂಲನಿವಾಸಿಗಳಾದ ಫಸ್ಟ್ ನೇಶನ್ಸ್ ಜನ 1998ರಲ್ಲೇ ಇದಕ್ಕೊಂದು ಚೌಕಟ್ಟು ಹಾಕಿಕೊಂಡರು: ತಮ್ಮ ಮಾಹಿತಿಯ ಒಡೆತನ, ಹಿಡಿತ, ನೋಡುವ ಹಕ್ಕು, ಇಟ್ಟುಕೊಳ್ಳುವ ಹಕ್ಕು ಸಮುದಾಯದ್ದೇ. ಹೀಗಿದ್ದಾಗ ಬೇಡ ಎನ್ನುವ ಮಾತು ಸಮುದಾಯದಿಂದಲೇ ಬರುತ್ತದೆ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಬಜೆಟ್‌ನಲ್ಲಿ ಹಿರಿಯರ ಜೊತೆ ಕೂತು ಮಾತಾಡಲು ಕೆಲವು ತಿಂಗಳು ಬೇಕು ಎಂಬ ಸಾಲಿದ್ದರೆ, ಅದನ್ನು ಹೊಡೆದುಹಾಕಲು ನಾನು ಬಿಡುವುದಿಲ್ಲ.