ಮೆಟ್ನರ್ ಪಿಯಾನೊ, ಮೈಸೂರಿನ ದುಡ್ಡು

ಎರಡನೇ ಮಹಾಯುದ್ಧ ಮುಗಿದಾಗ ರಷ್ಯಾದ ಸಂಗೀತ ರಚನೆಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದ ದಿನಗಳನ್ನು ಕಳೆಯುತ್ತಿದ್ದರು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ಯುದ್ಧದಲ್ಲಿ ನಿಂತುಹೋಗಿತ್ತು. ಹೃದಯಾಘಾತವೂ ಆಗಿತ್ತು. ಅಂಥ ಹೊತ್ತಿನಲ್ಲಿ ಅವರಿಗೆ ಸಹಾಯ ಬಂದದ್ದು ಮೈಸೂರು ಅರಮನೆಯಿಂದ.

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್, 1900ರಲ್ಲಿ ಅಲ್ಲಿನ ಕನ್ಸರ್ವೇಟರಿಯ (ಸಂಗೀತ ವಿದ್ಯಾಲಯದ) ಓದು ಮುಗಿಸಿದರು. ಕಛೇರಿ ನುಡಿಸಿಕೊಂಡೇ ಹೆಸರು ಮಾಡಬಹುದಿತ್ತು. ಅವರಿಗೆ ಸಂಗೀತ ಬರೆಯುವುದೇ ಮುಖ್ಯವಾಯಿತು. 14 ಪಿಯಾನೊ ಸೊನಾಟಾ (ಹಲವು ಭಾಗಗಳ ವಾದ್ಯಕೃತಿ), ಆರ್ಕೆಸ್ಟ್ರಾ ಜೊತೆ ಪಿಯಾನೊ ನುಡಿಸುವ ಮೂರು ಕಾನ್ಸರ್ಟೊ, ನೂರಕ್ಕೂ ಜಾಸ್ತಿ ಹಾಡು, ‘ಕಥೆಗಳು’ ಎಂದು ಕರೆದ ಹಲವಾರು ಕಿರು ಕೃತಿಗಳು. ಎಲ್ಲದರಲ್ಲೂ ಪಿಯಾನೊ ಇದ್ದೇ ಇದೆ. ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ನಡುವೆ ಲಂಡನ್ ಸೇರಿದರು. ಗೆಳೆಯ, ಸಂಗೀತ ರಚನೆಕಾರ ರಖ್ಮಾನಿನೋವ್ ಕೈಲಾದಷ್ಟು ನೆರವಾದರು. ಆದರೆ ಹೊಸತನದ ಹಿಂದೆ ಬಿದ್ದಿದ್ದ ಯುರೋಪಿಗೆ ಮೆಟ್ನರ್ ಹಳೇ ಕಾಲದವರಾಗಿ ಕಂಡರು. ಅವರೇನೂ ರಾಜಿಯಾಗಲಿಲ್ಲ. ಆಧುನಿಕ ಸಂಗೀತದ ವಿರುದ್ಧ ಒಂದು ಪುಸ್ತಕವನ್ನೇ ಬರೆದರು!

ಇತ್ತ ಜಯಚಾಮರಾಜೇಂದ್ರ ಒಡೆಯರ್ ಚಿಕ್ಕಂದಿನಿಂದ ಪಿಯಾನೊ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪರೀಕ್ಷೆ ಪಾಸು ಮಾಡಿದವರು. 1940ರಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡು ಪಟ್ಟಕ್ಕೆ ಬಂದ ಮೇಲೆ ವೇದಿಕೆಯ ಪಿಯಾನೊ ವಾದಕನಾಗುವ ಮಾತೇ ಇರಲಿಲ್ಲ. ಕೇಳುವ ಹುಚ್ಚು ಮಾತ್ರ ಉಳಿಯಿತು. ಜನಪ್ರಿಯ ಹೆಸರುಗಳಿಗೆ ದುಡ್ಡು ಸುರಿಯುವುದು ಸುಲಭವಿತ್ತು. ಅವರು ಆರಿಸಿದ್ದು ಮಾರುಕಟ್ಟೆ ಮರೆತವರನ್ನು. ಇದನ್ನು ಸುಮ್ನೆ ರಾಜರ ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಹೀಗೆ ಮೆಟ್ನರ್ ಕೃತಿಗಳನ್ನು ರೆಕಾರ್ಡ್ ಮಾಡಲು ಹುಟ್ಟಿದ್ದು ‘ಮೆಟ್ನರ್ ಸೊಸೈಟಿ’. ಈ ಪದ್ಧತಿ ಹೊಸದಲ್ಲ. ಕಡಿಮೆ ಮಾರಾಟವಾಗುವ ಸಂಗೀತಕ್ಕೆ ಮೊದಲೇ ಚಂದಾದಾರರನ್ನು ಹುಡುಕಿ ಆಮೇಲೆ ರೆಕಾರ್ಡ್ ಮಾಡುವುದನ್ನು ಗ್ರಾಮಫೋನ್ ಕಂಪನಿ ಎಚ್‌ಎಂವಿಯ ವಾಲ್ಟರ್ ಲೆಗ್ 1930ರ ದಶಕದಲ್ಲೇ ಶುರುಮಾಡಿದ್ದರು. ಇಲ್ಲಿ ಬೆನ್ನಿಗೆ ಮಹಾರಾಜರಿದ್ದರು. 1947ರಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮೆಟ್ನರ್ ಮೂರೂ ಕಾನ್ಸರ್ಟೊ ನುಡಿಸಿದರು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸೇ ದೊಬ್ರೋವೆನ್ ಆರ್ಕೆಸ್ಟ್ರಾ ನಿರ್ದೇಶಕರು. ಆಗ ಮೆಟ್ನರ್‌ಗೆ 67 ವರ್ಷ, ಕಾಯಿಲೆ ಬೇರೆ. ಆದರೂ ಅವರ ಲಯದಲ್ಲಿ ಸಡಿಲ ಕಾಣುವುದಿಲ್ಲ. ಭಾವವನ್ನು ಎಳೆದಾಡುವುದೂ ಇಲ್ಲ. ಗ್ರಾಮಫೋನ್ ಪ್ಲೇಟಿನ ಒಂದು ಬದಿಯಲ್ಲಿ ನಾಲ್ಕೈದು ನಿಮಿಷ ಹಿಡಿದರೆ ಹೆಚ್ಚು. ಒಂದು ಕಾನ್ಸರ್ಟೊ ಮುಗಿಯಬೇಕಾದರೆ ಎಷ್ಟು ಸಲ ನಿಲ್ಲಿಸಿ ಶುರುಮಾಡಬೇಕು, ನೋಡಿ. ಸೊನಾಟಾ, ಹಾಡುಗಳೂ ರೆಕಾರ್ಡ್ ಆದವು. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಗೆ ಮೆಟ್ನರ್ ಅವರೇ ಪಿಯಾನೊ ನುಡಿಸಿದರು. ಮೂರನೇ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು.

1950ರಲ್ಲೇ ಜರ್ಮನ್ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್‌ರ ‘ನಾಲ್ಕು ಕೊನೆಯ ಹಾಡುಗಳು’ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದಾಗಲೂ ಖರ್ಚಿಗೆ ನಿಂತವರು ಇದೇ ಒಡೆಯರ್. ಅದು ಇನ್ನೊಂದು ಕಥೆ.

ಮೆಟ್ನರ್ 1951ರ ನವೆಂಬರಿನಲ್ಲಿ ತೀರಿಕೊಂಡರು. ಮುಂದಿನ ವರ್ಷ ಎಚ್‌ಎಂವಿ, ಒಂದೊಂದು ಬದಿಯಲ್ಲೂ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ಪ್ಲೇಟಿಗೆ ಹೊರಳಿತು. ಬರೀ ಕೆಲವೇ ವರ್ಷಗಳಲ್ಲಿ ಆ ಭಾರದ ಪ್ಲೇಟುಗಳು ಹಳತಾದವು. ಪತ್ನಿ ಅನ್ನಾ 1958ರಲ್ಲಿ ಮಾಸ್ಕೋಗೆ ಮರಳಿದ ಮೇಲೆ ಮೆಟ್ನರ್ ಕೃತಿಗಳು ಅಲ್ಲಿ 12 ಸಂಪುಟಗಳಲ್ಲಿ ಅಚ್ಚಾದವು. ರೆಕಾರ್ಡುಗಳು ಮಾತ್ರ ಹೆಚ್ಚಿನ ಕೇಳುಗರ ಕಿವಿಗೆ ಬೀಳಲು ಸಿಡಿ ಕಾಲದವರೆಗೆ ಕಾಯಬೇಕಾಯಿತು.